ಅಂಗೈಯಗಲದ ಮೆಷಿನ್, ರಾತ್ರಿಯಿಡೀ ಉಸಿರು

ಮಳವಳ್ಳಿ ಕಡೆಯವರಿಗೆ ಮಾದಪ್ಪನ ಬೆಟ್ಟ, ಮಂಡ್ಯ, ಮದ್ದೂರಿನವರಿಗೆ ಧರ್ಮಸ್ಥಳ, ತಿರುಪತಿ. ವರ್ಷಕ್ಕೊಮ್ಮೆಯಾದರೂ ಊರಾಚೆ ರಾತ್ರಿ ಕಳೆಯುವುದು ನಮ್ಮಲ್ಲಿ ವಾಡಿಕೆ. ಸ್ಲೀಪ್ ಆಪ್ನಿಯಾಗೆಂದು ಮನೆಯಲ್ಲಿ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುವವರು 'ಒಂದು ರಾತ್ರಿ ತಾನೇ' ಎಂದು ಅದನ್ನು ಬಿಟ್ಟು ಹೊರಡುತ್ತಾರೆ. ಗಂಟಲು ಆ ಒಂದು ರಾತ್ರಿಗೂ ರಿಯಾಯಿತಿ ಕೊಡುವುದಿಲ್ಲ. ಮರುದಿನ ಅವರೇ ಕಾರು ಓಡಿಸಿಕೊಂಡು ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದರೆ, ತೂಕಡಿಕೆಯ ಅಪಾಯ ಎದುರಿನವರಿಗೂ ಇದೆ.

ಕಾಯಿಲೆಯ ಮೂಲ ಸರಳ. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಜೋರು ಗೊರಕೆ ಥಟ್ಟನೆ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆ. ಮೆಷಿನ್ ಕೊಡುವುದು ಆಮ್ಲಜನಕವನ್ನಲ್ಲ, ಕೋಣೆಯ ಗಾಳಿಯನ್ನೇ ತುಸು ಒತ್ತಡದಲ್ಲಿ. ಗದ್ದೆಗೆ ಹಾಸಿದ ಚಪ್ಪಟೆ ಪೈಪು ನೀರು ಹರಿದಾಗ ಉಬ್ಬಿ ನಿಲ್ಲುವಂತೆ, ಆ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಇದನ್ನು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸುತ್ತಿದ್ದರು, ಮಾಸ್ಕನ್ನು ಪ್ರತಿರಾತ್ರಿ ಮುಖಕ್ಕೆ ಅಂಟಿಸಬೇಕಿತ್ತು. 2017ರಲ್ಲಿ ಬಂದ, ಪ್ರಯಾಣಕ್ಕೆಂದೇ ಮಾಡಿದ ಪುಟ್ಟ ಸಿಪ್ಯಾಪ್ ಮೆಷಿನ್ ಏರ್‌ಮಿನಿಯ ತೂಕ ಬರೀ 300 ಗ್ರಾಂ!

ಈ ಪುಟ್ಟ ಮೆಷಿನ್‌ನಲ್ಲಿ ನನಗೆ ಬಹಳ ಮೆಚ್ಚುಗೆಯಾಗಿದ್ದು ತೇವಾಂಶದ ಏರ್ಪಾಡು. ಮನೆಯ ಮೆಷಿನ್‌ಗೆ ನೀರಿನ ತೊಟ್ಟಿ ಇದೆ, ಅದನ್ನು ಬಿಸಿಮಾಡುವ ತಟ್ಟೆ ಇದೆ. ಇದರಲ್ಲಿ ಎರಡೂ ಇಲ್ಲ. ಮಾಸ್ಕಿಗೆ ಕೊಂಡಿಯಾಗುವಲ್ಲಿ ಒಂದು ಪುಟ್ಟ ತುಣುಕು ಕೂರುತ್ತದೆ. ನಾವು ಬಿಟ್ಟ ಉಸಿರಿನ ಶಾಖ, ತೇವ ಎರಡನ್ನೂ ಅದು ಹಿಡಿದಿಟ್ಟುಕೊಂಡು, ಮುಂದಿನ ಉಸಿರು ಒಳಗೆ ಹೋಗುವಾಗ ವಾಪಸು ಕೊಡುತ್ತದೆ. ಮೂಗು ಒಣಗುವುದಿಲ್ಲ, ನೀರು ಹುಡುಕಬೇಕಿಲ್ಲ, ಕರೆಂಟೂ ಉಳಿಯಿತು.

ಆದರೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ಮೆಷಿನ್ನಿನ ಗಾತ್ರವಲ್ಲ, ಮಾಸ್ಕು. ಸಣ್ಣ ಮೆಷಿನ್‌ಗಳಲ್ಲಿ ಕೆಲವು ತಮ್ಮದೇ ಕಂಪನಿಯ ಆಯ್ದ ಮಾಸ್ಕುಗಳಿಗೆ ಮಾತ್ರ ಹೊಂದುತ್ತವೆ. ಬಾಯಿ ತೆರೆದು ಮಲಗುವವರಿಗೆ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕೇ ಆಗಬೇಕು. ನಮ್ಮ ಕಡೆಯ ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಅಂಥವರಿಗೆ ಮೂಗಿನ ಹೊಳ್ಳೆಗೆ ಕೂರುವ ಮೆತ್ತನೆಯ ಬಗೆ ವಾಸಿ. ಎಷ್ಟು ಒತ್ತಡವೆಂಬುದು ನಿದ್ರೆಯ ಪರೀಕ್ಷೆ ಮಾಡಿದ ವೈದ್ಯರು ಹೇಳುವ ಮಾತು, ಅಂಗಡಿಯವರದಲ್ಲ.

"ಕರೆಂಟು ಹೋದ್ರೆ ಏನ್ಮಾಡಾದು?" ಎಂಬ ಪ್ರಶ್ನೆ ಮಳವಳ್ಳಿಯಲ್ಲಿ ಎಲ್ಲರೂ ಕೇಳುವಂಥದ್ದು. ರೈಲಿನಲ್ಲಿ ಅದು ಇನ್ನೂ ದೊಡ್ಡದು. ಬೆಂಕಿ ಅನಾಹುತ ತಡೆಯಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವ ಕ್ರಮ ರೈಲ್ವೆಯಲ್ಲಿದೆ. ಮಂಡ್ಯದಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋಗುವವರಿಗೆ ಅದೇ ಮಲಗುವ ಹೊತ್ತು. ಆದ್ದರಿಂದ ಬ್ಯಾಟರಿ ಜೊತೆಗಿರಲಿ. ಮೆಷಿನ್ ಸರಾಸರಿ 10 ವ್ಯಾಟ್ ಎಳೆದರೆ 8 ಗಂಟೆಗೆ 80 ವ್ಯಾಟ್-ಅವರ್ ಬೇಕು. ನೀರು ಬಿಸಿಮಾಡುವ ತಟ್ಟೆಯಿದ್ದರೆ ಈ ಲೆಕ್ಕ ಎಲ್ಲೋ ಹೋಗುತ್ತದೆ. ವಿಮಾನದಲ್ಲಿ 100 ವ್ಯಾಟ್-ಅವರ್ ಒಳಗಿನ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು. ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ. ಬ್ಯಾಟರಿಯಿಂದ ಮೆಷಿನ್‌ಗೆ ನೇರವಾಗಿ ಡಿಸಿ ವೈರಿನಲ್ಲಿ ಕೊಟ್ಟರೆ ನಷ್ಟ ಕಡಿಮೆ. ನಡುವೆ ಇನ್ವರ್ಟರ್ ಇಟ್ಟರೆ ಒಂದಿಷ್ಟು ಅಲ್ಲೇ ಕರಗುತ್ತದೆ.

ಪುಟ್ಟ ಮೆಷಿನ್‌ಗಳ ಸದ್ದು ದೊಡ್ಡವಕ್ಕಿಂತ ತುಸು ಹೆಚ್ಚು. ಛತ್ರದಲ್ಲಿ ಪಕ್ಕದ ಚಾಪೆಯವರಿಗೆ ಮೊದಲೇ ಹೇಳಿದರೆ ಆಯಿತು. ಹೊರಡುವ ಮುನ್ನ ಮನೆಯಲ್ಲೇ ಕೆಲವು ರಾತ್ರಿ ಹಾಕಿಕೊಂಡು ಮಲಗಿ. ಗಂಟೆಗೆ ಎಷ್ಟು ಸಲ ಉಸಿರು ತಡೆಯಿತೆಂಬುದನ್ನು ಮೆಷಿನ್ ಮೊಬೈಲಿಗೆ ಕಳಿಸುತ್ತದೆ. ಆ ಸಂಖ್ಯೆ 5ಕ್ಕಿಂತ ಕೆಳಗಿದ್ದು, ಮನೆಯ ಮೆಷಿನ್ ತೋರಿಸುವುದಕ್ಕೆ ಹತ್ತಿರವಿದ್ದರೆ ಧೈರ್ಯವಾಗಿ ಟಿಕೆಟ್ ಮಾಡಿಸಿ. ಹೆಚ್ಚಿದ್ದರೆ ಮೊಬೈಲನ್ನು ವೈದ್ಯರಿಗೆ ತೋರಿಸಿ. ಮಾಸ್ಕು ಸೋರುತ್ತಿದೆಯೋ ಒತ್ತಡ ಸಾಲದೋ ಎಂದು ಅವರು ಅದನ್ನು ನೋಡಿಯೇ ಹೇಳುತ್ತಾರೆ.