ಆರು ಭಾಷೆಗಳ ಕಥೆಗೆ ನಾದ ಕೊಟ್ಟ ಚಂದಾವರ್ಕರ್

1972ರ ಡಿಸೆಂಬರ್ 16. ಪುಣೆಯ ಭರತ ನಾಟ್ಯ ಮಂದಿರದಲ್ಲಿ ವಿಜಯ ತೆಂಡೂಲ್ಕರ್ ಅವರ ‘ಘಾಶೀರಾಮ ಕೋತವಾಲ’ದ ಮೊದಲ ಪ್ರಯೋಗ. ಬ್ರಾಹ್ಮಣ ವೇಷದವರ ಸಾಲೊಂದು ಹಾಡುತ್ತ, ತೂಗುತ್ತ ರಂಗಕ್ಕೆ ಬರುತ್ತದೆ. ಅದೇ ಸಾಲು ಗೋಡೆಯಾಗುತ್ತದೆ, ಬೆನ್ನು ತಿರುಗಿಸಿದರೆ ಪರದೆಯಾಗುತ್ತದೆ. ಕೀರ್ತನೆಯ ಬೆನ್ನಿಗೇ ಲಾವಣಿ ಬರುತ್ತದೆ. ಭಕ್ತಿಯ ಲಯ ನಿಲ್ಲುವ ಮೊದಲೇ ಕ್ರೌರ್ಯ ಶುರುವಾಗಿರುತ್ತದೆ. ಜಬ್ಬಾರ್ ಪಟೇಲ್ ನಿರ್ದೇಶನದ ಈ ನಾಟಕ 1980ರಲ್ಲಿ ಬರ್ಲಿನ್ನಿಗೂ ಹೋಯಿತು. ಮರಾಠಿ ಬಾರದವರನ್ನೂ ಅದು ಹಿಡಿದು ಕೂರಿಸಿದ್ದರಲ್ಲಿ ಸಂಗೀತದ ಪಾಲು ದೊಡ್ಡದು. ಆ ಸಂಗೀತ ಭಾಸ್ಕರ್ ಚಂದಾವರ್ಕರ್ ಅವರದು.

1936ರಲ್ಲಿ ಹುಟ್ಟಿದ ಚಂದಾವರ್ಕರ್ ಸಿತಾರ್ ವಾದಕರು, ಪಂಡಿತ್ ರವಿಶಂಕರ್ ಅವರ ಶಿಷ್ಯರು. ಕಛೇರಿಯೊಂದನ್ನೇ ನೆಚ್ಚಿಕೊಳ್ಳದೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಸಂಗೀತ ಕಲಿಸಿದರು. ದೇಶದ ಎಲ್ಲ ಕಡೆಯಿಂದ ಬಂದ ಯುವ ನಿರ್ದೇಶಕರು ಅಲ್ಲಿದ್ದರು. ರಾಗ ಬಲ್ಲವನು ಚಿತ್ರಕಥೆಯನ್ನೂ ಓದಲು ಕಲಿಯಬೇಕಾದ ಜಾಗ ಅದು.

ಪುಣೆಯೂ ಬಗೆಬಗೆಯ ಸಂಗೀತವನ್ನು ಕೂಡಿಸುವ ಕೆಲಸಕ್ಕೆ ಹದವಾದ ಊರು. 1817ರ ಖಡ್ಕಿ ಕಾಳಗದ ನಂತರ ಬ್ರಿಟಿಷರು ಕಟ್ಟಿದ ದಂಡುಪ್ರದೇಶವೇ ಇಂದಿನ ಕ್ಯಾಂಪ್. ಇಗರ್ಜಿಗಳ ಗಾಯನ, ಸೈನ್ಯದ ಬ್ಯಾಂಡು, ಪಾರ್ಸಿ ಮತ್ತು ಗೋವೆಯ ಕ್ರೈಸ್ತ ಮನೆಗಳ ಪಿಯಾನೊ, ಪಿಟೀಲು ಅಲ್ಲಿಯ ಸಂಗೀತ. ಹಳೆಯ ಪೇಟೆಗಳಲ್ಲಿ ಕೀರ್ತನ, ನಾಟ್ಯಸಂಗೀತ. ಜೊತೆಗೆ ಗದುಗಿನ ಭೀಮಸೇನ ಜೋಶಿ 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಸಂಗೀತೋತ್ಸವ. ಒಂದೇ ಊರಿನ ಈ ಎರಡು ಬಗೆಯ ಸಂಗೀತವೂ 1978ರ ‘ತೀನ್ ಪೈಶಾಚಾ ತಮಾಶಾ’ದಲ್ಲಿ ಒಂದೇ ರಂಗ ಹತ್ತಿದವು. ಜರ್ಮನ್ ನಾಟಕಕಾರ ಬ್ರೆಕ್ಟ್‌ನ ‘ತ್ರೀ ಪೆನ್ನಿ ಆಪೆರಾ’ವನ್ನು ಪು.ಲ. ದೇಶಪಾಂಡೆ ಮರಾಠಿಗೆ ತಂದಿದ್ದರು. ರಾಕ್ ಗಾಯಕ ನಂದು ಭೇಂಡೆ ಅವರೊಡನೆ ಸೇರಿ ಚಂದಾವರ್ಕರ್ ಅದಕ್ಕೆ ಸಂಗೀತ ಹೊಂದಿಸಿದರು. ಜರ್ಮನ್ ಧಾಟಿಯ ನಕಲು ಅದಾಗಲಿಲ್ಲ. ನಾಟ್ಯಗೀತೆಯೂ ಪಾಪ್ ಸಂಗೀತವೂ ತಮ್ಮ ತಮ್ಮ ಗುಣ ಬಿಡದೆ ಎದುರುಬದುರಾದವು.

ಕನ್ನಡಿಗರಿಗೆ ಅವರ ಋಣ ಬೇರೆಯೇ ಇದೆ.

ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಕೂಡಿ ನಿರ್ದೇಶಿಸಿದ ‘ವಂಶವೃಕ್ಷ’, ‘ತಬ್ಬಲಿಯು ನೀನಾದೆ ಮಗನೆ’, ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಮೂರಕ್ಕೂ ಸಂಗೀತ ಚಂದಾವರ್ಕರ್ ಅವರದೇ. ಮೊದಲನೆಯದು ನಂಜನಗೂಡಿನ ವೈದಿಕ ಮನೆತನದ ಕಥೆ; ಎರಡನೆಯದು ಗೋವನ್ನು ದೇವರೆಂದು ನಂಬಿದ ಹಳ್ಳಿಗೆ ವಿದೇಶದಲ್ಲಿ ಓದಿದ ಮಗ ಮರಳುವ ಕಥೆ; ಮೂರನೆಯದು ಕೂಲಿಗೆ ಕಾದುವ ಯೋಧರದು, ಜಪಾನಿನ ನಿರ್ದೇಶಕ ಕುರೊಸಾವಾ ಚಿತ್ರಗಳ ಪ್ರಭಾವವಿದ್ದದ್ದು. ಇದೇ ಕಾಲದಲ್ಲಿ ಮಲಯಾಳದಲ್ಲಿ ಕೆ.ಜಿ. ಜಾರ್ಜ್ ಅವರ ‘ಸ್ವಪ್ನಾಡನಂ’, ಮುಂದೆ ಹಿಂದಿಯಲ್ಲಿ ಮೃಣಾಲ್ ಸೇನ್ ಅವರ ‘ಖಂಡಹರ್’, ಒಡಿಯಾದಲ್ಲಿ ‘ಮಾಯಾಮೃಗ’, ಬಂಗಾಳಿಯಲ್ಲಿ ಅಪರ್ಣಾ ಸೇನ್ ಅವರ ‘ಪರಮಾ’. ಮರಾಠಿ, ಕನ್ನಡ ಸೇರಿದರೆ ಆರು ಭಾಷೆ.

ಇಷ್ಟು ಕಡೆ ಓಡಾಡಿದ ಸಂಗೀತಗಾರ ತನ್ನದೊಂದು ಗುರುತಿನ ಧಾಟಿಯನ್ನು ಎಲ್ಲೆಡೆ ಹೊತ್ತೊಯ್ಯುವುದು ಸುಲಭವಿತ್ತು. ಆದರೆ ಚಂದಾವರ್ಕರ್, ಕಥೆ ನಡೆಯುವ ಜಾಗವನ್ನು ಮೊದಲು ಕೇಳಿಸಿಕೊಂಡರು. ಸಂಸ್ಕೃತಿಗಳ ಬೆರಕೆಗಿಂತ ಈ ವಿನಯವೇ ಅವರ ದೊಡ್ಡ ಸಾಧನೆ.

2009ರ ಜುಲೈನಲ್ಲಿ ಅವರು ತೀರಿಕೊಂಡರು. ಅವರ ಬರಹಗಳು ಮರಾಠಿಯಲ್ಲಿ ಪುಸ್ತಕಗಳಾಗಿವೆ. ಕನ್ನಡದ ಹೊಸ ಅಲೆಯ ಚಿತ್ರಗಳ ಬಗ್ಗೆ ಬರೆಯುವವರು ನಿರ್ದೇಶಕ, ಕಾದಂಬರಿಕಾರ, ನಟರ ಜೊತೆಗೆ ಈ ಸಂಗೀತಗಾರನಿಗೂ ಒಂದು ಅಧ್ಯಾಯ ಕೊಡಬೇಕು. ಅದಕ್ಕೆ ಬೇಕಾದ ಸಾಮಗ್ರಿ ಆ ಮೂರು ಕನ್ನಡ ಚಿತ್ರಗಳಲ್ಲೇ ಇದೆ.