ರಸ್ತೆಯೊಳಗೆ ಹೂತಿಟ್ಟ ಇಂಟರ್ನೆಟ್

ಪೊಳ್ಳಾಚಿ ಸಂತೆ ದಿನ
ಗಾಡಿ ನಿಲ್ಲಿಸೋಕೆ ಜಾಗ ಹುಡುಕಿ ಸುಸ್ತಾಗಿದ್ದೀರಾ?
ಖಾಲಿ ಜಾಗ ಎಲ್ಲಿದೆ ಅಂತ ರಸ್ತೆಯೇ ಹೇಳಿಬಿಟ್ಟರೆ?

ಸ್ಪೇನ್ ದೇಶದ ಸ್ಯಾಂಟಾಂಡೆರ್.
ಕಡಲ ತೀರದ ಊರು.
2010ರಲ್ಲಿ, ಐರೋಪ್ಯ ಒಕ್ಕೂಟದ ದುಡ್ಡಲ್ಲಿ,
ಇಡೀ ಊರನ್ನೇ ಇಂಟರ್ನೆಟ್ ಪ್ರಯೋಗಶಾಲೆ ಮಾಡೋಕೆ ಹೊರಟರು.

ಮುಂದಾಳತ್ವ ದೈತ್ಯ ಕಂಪನಿ ಟೆಲಿಫೋನಿಕಾದ್ದು.
ಜೊತೆಗೆ ವಿಶ್ವವಿದ್ಯಾಲಯಗಳು.
ಆದರೆ ಬೀದಿಗಿಳಿದ ಸೆನ್ಸರ್ ಪೆಟ್ಟಿಗೆಗಳು?
ಸಾವಿರಕ್ಕೂ ಹೆಚ್ಚು ಕೊಟ್ಟಿದ್ದು ಲಿಬೆಲಿಯಂ.
2006ರಲ್ಲಿ ಸ್ಪೇನಿನದೇ ಸಾರಗೋಸಾದಲ್ಲಿ ಶುರುವಾದ ಪುಟ್ಟ ಕಂಪನಿ!

ಕೆಲವನ್ನು ಡಾಂಬರಿನೊಳಗೇ ಹೂತಿಟ್ಟರು.
ಮೇಲೆ ಕಾರು ನಿಂತರೆ,
ಅದರ ಕಬ್ಬಿಣ ಭೂಮಿಯ ಕಾಂತಕ್ಷೇತ್ರವನ್ನು ಚೂರು ಅಲುಗಿಸುತ್ತೆ.
ಸೆನ್ಸರ್ ಅದನ್ನು ಹಿಡಿಯುತ್ತೆ.
ನಮ್ಮ ವ್ಯಾಪಾರಿಗಳು ತೆಂಗಿನಕಾಯಿ ಒಡೆಯದೆ,
ಬರೀ ತಟ್ಟಿ ಒಳಗಿನ ಸುದ್ದಿ ಹೇಳ್ತಾರಲ್ಲ, ಹಾಗೆ.
ಕ್ಯಾಮೆರಾ ಬೇಡ.
ಚೌಕದ ಫಲಕದಲ್ಲಿ ಖಾಲಿ ಜಾಗದ ಲೆಕ್ಕ ಹಾಜರು.

ಪಾರ್ಕಿಂಗ್ ಬಿಡಿ.
ನನಗೆ ಹಿಡಿಸಿದ ಜಾಣತನ ಬೇರೆ.
ದೀಪದ ಕಂಬದ ಮೇಲಿನ ಪೆಟ್ಟಿಗೆಯೊಳಗೆ
ಎರಡು ರೇಡಿಯೊ.
ಒಂದು ಊರಿನ ಕೆಲಸಕ್ಕೆ,
ಇನ್ನೊಂದು ಸಂಶೋಧಕರ ಪ್ರಯೋಗಕ್ಕೆ.
ಬೇರೆಲ್ಲೋ ಕೂತವರು ಕೂಡ,
ಏಣಿ ಹತ್ತದೆ, ತಂತಿ ಚುಚ್ಚದೆ,
ತಮ್ಮ ಪ್ರೋಗ್ರಾಂ ಅದಕ್ಕೆ ಇಳಿಸಬಹುದಿತ್ತು.
ಅವರು ಪ್ರಯೋಗ ಮಾಡ್ತಾ ಇರಲಿ,
ಊರಿನ ಲೆಕ್ಕ ಅದರ ಪಾಡಿಗೆ ಅದು ಹೋಗ್ತಾ ಇತ್ತು.