ವ್ಯಾಟ್ ನೋಡಿ ಮರುಳಾಗದಿರಿ
ಮನೆಗೆ ಸ್ಪೀಕರ್ ಕೊಳ್ಳುವ ಮುನ್ನ ಒಂದಿಷ್ಟು ವಿಜ್ಞಾನ

ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಪೆಟ್ಟಿಗೆ ಸಾಮಾನ್ಯವಾಗಿ 1000 ವ್ಯಾಟ್‌ನದು. ಅದನ್ನು ಹಚ್ಚಿದೊಡನೆ ಮೀಟರ್ ಜೋರಾಗಿ ಓಡುತ್ತದೆ. ಆದರೆ ಅಂಗಡಿಯ ಕಪಾಟಿನಲ್ಲಿ ಕುಳಿತ, ತೆಂಗಿನಕಾಯಿಗಿಂತ ತುಸು ದೊಡ್ಡದಾದ ಸ್ಪೀಕರಿನ ಡಬ್ಬಿಯ ಮೇಲೆ '2000 ವ್ಯಾಟ್' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುವುದುಂಟು. ಎರಡು ಇಸ್ತ್ರಿಪೆಟ್ಟಿಗೆಗಳ ಶಕ್ತಿ ಈ ಪುಟ್ಟ ಡಬ್ಬಿಯಲ್ಲಿ ಅಡಗಿದೆಯೇ?

ಉತ್ತರ ಡಬ್ಬಿಯ ಮುಖದ ಮೇಲಿಲ್ಲ, ಅಡಾಪ್ಟರಿನ ಬೆನ್ನ ಮೇಲಿದೆ. ತಿರುವಿ ನೋಡಿ. '12 ವೋಲ್ಟ್, 2 ಆಂಪಿಯರ್' ಎಂದಿದ್ದರೆ ಎರಡನ್ನೂ ಗುಣಿಸಿ. ಬಂದದ್ದು 24 ವ್ಯಾಟ್. ಇಷ್ಟು ಲೆಕ್ಕ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಗೊತ್ತು. ಒಳಗೆ ಹೋಗುವುದೇ 24 ವ್ಯಾಟ್ ಆದಾಗ ಹೊರಗೆ 2000 ವ್ಯಾಟ್ ನಿರಂತರವಾಗಿ ಬರುವುದಾದರೂ ಹೇಗೆ? ಶಕ್ತಿಯ ಸಂರಕ್ಷಣಾ ನಿಯಮ ಅಂಗಡಿಗೂ ಅನ್ವಯಿಸುತ್ತದೆ.

ಡಬ್ಬಿಯ ಮೇಲಿನ ದೊಡ್ಡ ಅಂಕಿಯ ಪಕ್ಕದಲ್ಲಿ 'ಪಿ.ಎಂ.ಪಿ.ಓ.' ಎಂಬ ನಾಲ್ಕು ಚಿಕ್ಕ ಅಕ್ಷರಗಳಿದ್ದರೆ ಗಮನಿಸಿ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಗರಿಷ್ಠ ಶಕ್ತಿಯ ಹೆಸರಿನಲ್ಲಿ ಬರೆಯುವ ಅಂಕಿ ಇದು. ಇದನ್ನು ಹೀಗೆಯೇ ಅಳೆಯಬೇಕೆಂಬ ಒಪ್ಪಿತ ಕ್ರಮವಿಲ್ಲ. ಆದ್ದರಿಂದ ಎಷ್ಟು ಬೇಕಾದರೂ ಬರೆಯಬಹುದು. ನಾವು ಕೇಳಬೇಕಾದದ್ದು 'ಆರ್.ಎಂ.ಎಸ್.' ಅಂಕಿಯನ್ನು, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿಯನ್ನು.

ಎಷ್ಟು ವ್ಯಾಟ್ ಸಾಕು?

ನಿಮಗೆ ಅಚ್ಚರಿಯಾದೀತು, ಆದರೆ ನಡುಮನೆಯಲ್ಲಿ ಕುಳಿತು ಹಾಡು ಕೇಳಲು ಒಂದೆರಡು ವ್ಯಾಟ್ ಸಾಕು. ಸಾಧಾರಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಸುಮಾರು 85ರಿಂದ 90 ಡೆಸಿಬೆಲ್ ಸಪ್ಪಳ ಸಿಗುತ್ತದೆ. ಅದು ಸಣ್ಣ ಸಪ್ಪಳವಲ್ಲ. 10 ವ್ಯಾಟ್‌ನ ಬದಲು 20 ವ್ಯಾಟ್ ಕೊಟ್ಟರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದನಿ ಇಮ್ಮಡಿಯಾದಂತೆ ಅನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ತಬಲೆಯ ಒಂದು ಗಟ್ಟಿ ಪೆಟ್ಟು ಬಂದಾಗ ಸ್ಪೀಕರ್ ಮುಗ್ಗರಿಸಬಾರದಲ್ಲ, ಅದಕ್ಕಾಗಿ ಒಂದಿಷ್ಟು ಹೆಚ್ಚುವರಿ ಬೇಕು. ಹಾಗಾಗಿ ಒಂದೊಂದು ಸ್ಪೀಕರಿಗೆ 15-20 ಆರ್.ಎಂ.ಎಸ್. ವ್ಯಾಟ್ ಇದ್ದರೆ ನಮ್ಮ ಮನೆಗಳಿಗೆ ಧಾರಾಳವಾಯಿತು. ಅದಕ್ಕೂ ಮೇಲಿನ ವ್ಯಾಟಿಗೆ ತೆರುವ ಹಣ ಮನೆಗಲ್ಲ, ಮದುವೆಯ ಮಂಟಪಕ್ಕೆ.

ಖರ್ಜ ಕೇಳಿಸುತ್ತದೆಯೇ?

ಹಾಗಾದರೆ ನೋಡಬೇಕಾದದ್ದೇನು? ಹುಬ್ಬಳ್ಳಿ-ಧಾರವಾಡದವರಿಗೆ ಇದಕ್ಕೆ ಉತ್ತರ ದೂರವಿಲ್ಲ. ಆಕಾಶವಾಣಿ ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನವನ್ನು ನಮ್ಮ ಹಿರಿಯರು ಕಟ್ಟಿಗೆಯ ದೊಡ್ಡ ರೇಡಿಯೋ ಪೆಟ್ಟಿಗೆಗಳಲ್ಲಿ ಕೇಳಿದರು. ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ನಾದ ಬರುವುದು ಕಡಿಮೆ. ಆದರೆ ಪೆಟ್ಟಿಗೆ ದೊಡ್ಡದು, ಒಳಗಿನ ಸ್ಪೀಕರ್ ಅಂಗೈಗಿಂತ ಅಗಲ. ಹಾಗಾಗಿ ಕೆಳಗಿನ ಸ್ವರಗಳು ತಕ್ಕಮಟ್ಟಿಗೆ ತುಂಬಿ ಬರುತ್ತಿದ್ದವು. ಇಂದು ಅದೇ ಗಾಯನ ಮೊಬೈಲಿನಲ್ಲಿ ಬೆರಳ ತುದಿಗೇ ಸಿಗುತ್ತದೆ. ಸ್ಥಿತಿ ಮಾತ್ರ ತಿರುಗುಮುರುಗಾಗಿದೆ: ಮೇಲಿನ ನಾದ ಚುರುಕಾಗಿದೆ, ಕೆಳಗಿನದು ಕಾಣೆಯಾಗಿದೆ.

ಲೆಕ್ಕ ನೋಡಿ. ಗಾಯಕರು ಹಾರ್ಮೋನಿಯಂನ ಕಪ್ಪು ಒಂದನೆಯ ಮನೆಯನ್ನು ಷಡ್ಜವಾಗಿ ಇಟ್ಟುಕೊಂಡರೆ ತಂಬೂರಿಯ ಜೋಡಿ ತಂತಿಗಳು ಸೆಕೆಂಡಿಗೆ ಸುಮಾರು 138 ಬಾರಿ ಕಂಪಿಸುತ್ತವೆ. ಖರ್ಜದ ತಂತಿ ಅದರ ಅರ್ಧ, ಸುಮಾರು 69 ಬಾರಿ. ಈ ಖರ್ಜದ ನಾದದ ತರಂಗದ ಉದ್ದ ಸುಮಾರು 5 ಮೀಟರ್, ಅಂದರೆ ಅನೇಕ ಮನೆಗಳ ನಡುಮನೆಗಿಂತ ಹೆಚ್ಚು! ಉಗುರಿನಗಲದ ಮೊಬೈಲ್ ಸ್ಪೀಕರ್ ಇದನ್ನು ಎಬ್ಬಿಸಲಾರದು. ಕೇಳಿದಂತೆ ನಮಗೆ ಅನಿಸುತ್ತದೆ, ನಿಜ. ಮೇಲಿನ ಉಪಸ್ವರಗಳನ್ನು ಹಿಡಿದು ಮಿದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ತಂಬೂರಿಯಲ್ಲಂತೂ ಉಪಸ್ವರಗಳ ಸಂಪತ್ತೇ ಇದೆ. ಸರ್ ಸಿ.ವಿ. ರಾಮನ್ ಅವರು 1921ರಷ್ಟು ಹಿಂದೆಯೇ ತಂಬೂರಿ, ವೀಣೆಗಳ ಈ ಗುಣದ ಬಗ್ಗೆ ಬರೆದಿದ್ದರು. ಆದರೂ ಊಹೆಯ ಊಟದಿಂದ ಹೊಟ್ಟೆ ತುಂಬುವುದಿಲ್ಲ. ಸಂಗೀತದ ಪಾಠಕ್ಕೆ ಹೋಗುವ ಮಗು ಮನೆಯಲ್ಲಿ ಮೊಬೈಲಿನ ತಂಬೂರಿ ಹಚ್ಚಿಕೊಂಡೇ ಅಭ್ಯಾಸ ಮಾಡುತ್ತಿದ್ದರೆ ಅದರ ಕಿವಿಗೆ ಆಧಾರ ಸ್ವರದ ತೂಕವೇ ತಿಳಿಯದೆ ಉಳಿದೀತು. ಒಳ್ಳೆಯ ಸ್ಪೀಕರ್ ಬೇಕೆನ್ನುವುದು ಮೋಜಿಗಲ್ಲ, ಇದಕ್ಕಾಗಿ.

ಒಂದು ರಟ್ಟು, ಒಂದು ಗಡಿಗೆ

ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಹೋದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲಾಗುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಇವೆರಡೂ ಅಂಚಿನ ಸುತ್ತ ಹಾದು ಒಂದನ್ನೊಂದು ಅಳಿಸಿಹಾಕುತ್ತವೆ. ಮೊದಲು ಸಾಯುವುದು ಕೆಳಸ್ವರ. ತರಗತಿಯಲ್ಲಿ ನಾನು ತೋರಿಸುವ ಪ್ರಯೋಗ ಇದು: ಹಳೆಯ ರೇಡಿಯೋದಿಂದ ಬಿಚ್ಚಿದ ಸ್ಪೀಕರನ್ನು ಬರಿದಾಗಿ ನುಡಿಸಿ. ನಂತರ ದೊಡ್ಡ ರಟ್ಟಿನಲ್ಲಿ ಅದರಗಲದ ತೂತು ಕೊರೆದು ಅದಕ್ಕೆ ಒತ್ತಿ ಹಿಡಿಯಿರಿ. ದನಿ ಥಟ್ಟನೆ ದಪ್ಪವಾಗುತ್ತದೆ. ಖರ್ಚು ಏನೂ ಇಲ್ಲ.

ಹಳ್ಳಿಯ ಚಹಾದಂಗಡಿಗಳಲ್ಲಿ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸುವುದರ ಹಿಂದಿರುವುದೂ ಇದೇ ವಿಜ್ಞಾನ. ಗಡಿಗೆ ಹಿಂದಿನ ಅಲೆಯನ್ನು ತಡೆಯುತ್ತದೆ. ಆದರೆ ಗಡಿಗೆಗೆ ತನ್ನದೇ ಒಂದು ಸ್ವರವಿದೆ. ಆ ಸ್ವರ ಬಂದಾಗಲೆಲ್ಲ ಅದು ಗುಂಯ್‌ಗುಡುತ್ತದೆ. ಅಗ್ಗದ 'ವೂಫರ್' ಪೆಟ್ಟಿಗೆಗಳ ದೋಷವೂ ಇದೇ. ಯಾವ ಹಾಡಿಗೂ ಒಂದೇ 'ಢಂ ಢಂ'.

ಅಂಗಡಿಗೆ ಹೋದಾಗ

ಕೊಪ್ಪೀಕರ ರಸ್ತೆಯಿರಲಿ, ಸುಭಾಷ ರಸ್ತೆಯಿರಲಿ, ಮೊದಲು ಮನೆಯಲ್ಲೇ ಒಂದು ಮೊತ್ತ ನಿಶ್ಚಯಿಸಿಕೊಂಡು ಹೊರಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿದರಾಯಿತು. ಆಮೇಲೆ ಈ ಮಾತುಗಳನ್ನು ನೆನಪಿಡಿ.

* ಗಾಯನ ಕೇಳುವವರಿಗೆ ಒಂದು ವೂಫರ್, ಎರಡು ಚಿಟಿಕೆ ಸ್ಪೀಕರುಗಳ ಅಗ್ಗದ ಸೆಟ್‌ಗಿಂತ ಒಳಗೇ ಆಂಪ್ಲಿಫೈಯರ್ ಇರುವ ಎರಡು ಪೆಟ್ಟಿಗೆಗಳ ಜೋಡಿ ಮೇಲು. ಶಂಕು ಕನಿಷ್ಠ 4 ಅಂಗುಲ ಇರಲಿ. 8 ಅಂಗುಲದ ಶಂಕು ತಳ್ಳುವಷ್ಟೇ ಗಾಳಿಯನ್ನು ತಳ್ಳಲು 4 ಅಂಗುಲದ್ದು ನಾಲ್ಕು ಪಟ್ಟು ಹೆಚ್ಚು ಚಲಿಸಬೇಕಾಗುತ್ತದೆ.

* '20ರಿಂದ 20,000 ಹರ್ಟ್ಸ್' ಎಂದು ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಜೊತೆಗೆ 'ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್' ಎಂಬ ಮಿತಿ ಇದ್ದಾಗ ಮಾತ್ರ ಆ ಅಂಕಿಗೆ ಅರ್ಥ.

* ಅಂಗಡಿಯವರು ಹಚ್ಚುವ ಹಾಡು ಬೇಡ. ನಿಮಗೆ ಚೆನ್ನಾಗಿ ಪರಿಚಯವಿರುವ ಮೂರು ಮುದ್ರಿಕೆ ಒಯ್ಯಿರಿ: ಒಂದು ವಿಲಂಬಿತ ಖ್ಯಾಲ್, ಒಂದು ತಬಲಾ, ಒಂದು ವಾರ್ತೆ ಅಥವಾ ಭಾಷಣ. ಖ್ಯಾಲಿನಲ್ಲಿ ಗಾಯಕರ ದನಿಯ ಹಿಂದೆ ತಂಬೂರಿ ಕಡಿಯದೆ ಕೇಳಬೇಕು. ತಬಲೆಯಲ್ಲಿ ಎಡಗೈಯ ಡಗ್ಗಾ ಸ್ವರ ಬದಲಿಸುತ್ತ ಜಾರುವುದು ತಿಳಿಯಬೇಕು. ವಾರ್ತೆ ಓದುವವರು ಕೊಡದಲ್ಲಿ ಬಾಯಿಟ್ಟು ಮಾತಾಡಿದಂತೆ ಅನಿಸಬಾರದು.

* ಎರಡು ಸ್ಪೀಕರುಗಳನ್ನು ಹೋಲಿಸುವಾಗ ಸಪ್ಪಳ ಸಮನಾಗಿರಲಿ. ತುಸು ಜೋರಾಗಿ ನುಡಿದದ್ದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ.

* ಹಳೆಯ ಸ್ಪೀಕರ್ ಅಗ್ಗಕ್ಕೆ ಸಿಕ್ಕರೆ ಶಂಕುವಿನ ಸುತ್ತಲಿನ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ಫೋಮಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರ್ ಅಥವಾ ಬಟ್ಟೆಯ ಅಂಚು ಹೆಚ್ಚು ಬಾಳುತ್ತದೆ.

ಕೋಣೆಯೂ ಒಂದು ವಾದ್ಯ

ಟೈಲ್ಸ್ ನೆಲ, ಬೋಳು ಗೋಡೆ, ಸಿಮೆಂಟ್ ಮಾಳಿಗೆ ಇರುವ ಕೋಣೆಯಲ್ಲಿ ಎಷ್ಟು ಬೆಲೆಯ ಸ್ಪೀಕರೂ ಕಿರುಚುತ್ತದೆ. ನೆಲಕ್ಕೊಂದು ನವಲಗುಂದದ ಜಮಖಾನ, ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ, ಪಕ್ಕಕ್ಕೆ ಪುಸ್ತಕದ ಕಪಾಟು ಇದ್ದರೆ ಮೇಲಿನ ನಾದದ ಪ್ರತಿಧ್ವನಿ ಇಳಿಯುತ್ತದೆ. ಸ್ಪೀಕರುಗಳನ್ನು ಶೋಕೇಸಿನೊಳಗೆ ತುರುಕಬೇಡಿ. ಕುಳಿತವರ ಕಿವಿಯ ಎತ್ತರಕ್ಕೆ ಇಡಿ. ಎರಡು ಸ್ಪೀಕರ್ ಮತ್ತು ನೀವು ಸೇರಿ ಸಮಬಾಹು ತ್ರಿಭುಜವಾಗಲಿ. ಕೆಳಸ್ವರ ಸಾಲದಿದ್ದರೆ ಗೋಡೆಗೆ ಸರಿಸಿ, ಗುಂಯ್‌ಗುಟ್ಟಿದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ. ಗೋಡೆ ಪುಕ್ಕಟೆಯಾಗಿ ಕೊಡುವ ಖರ್ಜವಿದು.

ಪಾಲಕರಿಗೆ ಇನ್ನೊಂದು ಮಾತು. ಕಿವಿಯ ಒಳಗಿನ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದ ಪ್ರಕಾರ ದೊಡ್ಡವರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್ ಮಿತಿ. ನೆರೆಹೊರೆಯ ನೆನಪೂ ಇರಲಿ: 2000ರ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. ಗೋಡೆಯಾಚೆ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ನಿಮ್ಮ ಮನೆಯ ಭೀಮಪಲಾಸಿಯೂ ಗದ್ದಲವೇ.

ಕೊಳ್ಳುವ ಅವಸರ ಬೇಡ. ಮೊದಲು ಈ ಭಾನುವಾರ ಮನೆಯಲ್ಲಿರುವ ಹಳೆಯ ಸ್ಪೀಕರುಗಳನ್ನೇ ಧೂಳು ಕೊಡವಿ ಶೋಕೇಸಿನಿಂದ ಹೊರತೆಗೆಯಿರಿ, ಗೋಡೆಗೆ ಕೌದಿ ತೂಗುಹಾಕಿ, ಮಕ್ಕಳನ್ನು ಕೂರಿಸಿಕೊಂಡು ತಂಬೂರಿಯ ನಾಲ್ಕೂ ತಂತಿಗಳು ಕೇಳುತ್ತವೆಯೇ ಎಂದು ಎಣಿಸಿ. ನಾಲ್ಕನೆಯದು ಸಿಗದಿದ್ದರೆ ಆಗ ಅಂಗಡಿಗೆ ಹೋದರಾಯಿತು.